ಸಂಘದ ಲೆಕ್ಕದ ಜೊತೆಗೆ ಊರಿನ ಲೆಕ್ಕವನ್ನೂ ಕೇಳಿ

ಹಾಲು ಉತ್ಪಾದಕ ಅಕ್ಕತಂಗಿಯರೇ,

ಪ್ರತಿ ವರ್ಷ ಸೆಪ್ಟೆಂಬರ್ 25ರೊಳಗೆ ನಿಮ್ಮ ಸಂಘದ ವಾರ್ಷಿಕ ಸರ್ವ ಸದಸ್ಯರ ಸಭೆ ನಡೆಯಬೇಕು. ಸಹಕಾರ ಕಾಯ್ದೆಯೇ ಹಾಗೆ ಹೇಳುತ್ತದೆ. ಆ ಸಭೆಗೆ ನೀವು ಹೋಗುತ್ತೀರಿ. ಲಾಭ ಎಷ್ಟಾಯಿತು, ಬೋನಸ್ ಎಷ್ಟು ಕೊಡುತ್ತೀರಿ, ಪಶು ಆಹಾರ ಮಾರಿದ ಹಣ ಎಲ್ಲಿ ಜಮಾ ಆಯಿತು ಎಂದು ಕೇಳುತ್ತೀರಿ. ಫ್ಯಾಟ್ ಒಂದು ಪಾಯಿಂಟ್ ಕಡಿಮೆ ಬಂದರೆ ಅಲ್ಲೇ ನಿಂತು, ‘ಇನ್ನೊಮ್ಮೆ ನೋಡ್ರಿ’ ಎಂದು ಕಾರ್ಯದರ್ಶಿಗೆ ಹೇಳುವವರು ನೀವು.

ಅದೇ ದಿನಗಳಲ್ಲಿ ನಿಮ್ಮ ಊರಲ್ಲಿ ಇನ್ನೊಂದು ಲೆಕ್ಕದ ಸಭೆಯೂ ನಡೆಯಬೇಕು. ಅದಕ್ಕೆ ಜಮಾಬಂದಿ ಎನ್ನುತ್ತಾರೆ. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪ್ರತಿ ಗ್ರಾಮ ಪಂಚಾಯಿತಿ ಹಿಂದಿನ ವರ್ಷದ ಜಮಾ-ಖರ್ಚನ್ನು, ಮಾಡಿದ ಕಾಮಗಾರಿಗಳನ್ನು ಜನರ ಮುಂದೆ ಇಡಬೇಕು. ಸಂಘದ ಸಭೆಗೆ ತಪ್ಪದೆ ಹೋಗುವ ನಮ್ಮ ಹೆಣ್ಣುಮಕ್ಕಳಲ್ಲಿ ಈ ಸಭೆಗೆ ಹೋಗುವವರು ಎಷ್ಟು ಮಂದಿ?

ಪಂಚಾಯಿತಿ ಯಾವ ಕೆಲಸವನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಮಾಡಬೇಕು ಎಂಬುದನ್ನು ಹೇಳುವವರಲ್ಲಿ ಹಾಲು ಕರೆಯುವ ಹೆಣ್ಣುಮಕ್ಕಳು ಮುಂದಿರಬೇಕು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಕಾರಣವೂ ಇದೆ. ನೀರು ಬರದಿದ್ದರೆ, ದಾರಿ ಕೆಟ್ಟರೆ, ಕರೆಂಟು ಹೋದರೆ, ದನಕ್ಕೆ ಜ್ವರ ಬಂದರೆ ಆ ದಿನವೇ ನಿಮ್ಮ ಹಾಲಿನ ಅಳತೆಯಲ್ಲಿ ಅದು ಕಾಣುತ್ತದೆ. ಊರಿನ ಆಡಳಿತ ಹೇಗಿದೆ ಎಂಬುದನ್ನು ದಿನಕ್ಕೆ ಎರಡು ಹೊತ್ತು ಅಳೆದು ನೋಡುವವರು ನಿಮ್ಮಷ್ಟು ಬೇರೆ ಯಾರೂ ಇಲ್ಲ.

ಮೊದಲು ನೀರು

ಮನೆಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ 2019ರಲ್ಲಿ ಶುರುವಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ‘ಮನೆಮನೆಗೆ ಗಂಗೆ’ ಎಂದು ಹೆಸರು. ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂಬುದು ಅದರ ಲೆಕ್ಕ. ಐದು ಜನರ ಮನೆಗೆ 275 ಲೀಟರ್ ಆಯಿತು. ಆದರೆ ಆ ಮನೆಯ ಕೊಟ್ಟಿಗೆಯಲ್ಲಿ ಎರಡು ಎಮ್ಮೆ ಇದ್ದರೆ? ಹಾಲು ಕೊಡುವ ಒಂದು ಎಮ್ಮೆಗೆ ಕುಡಿಯಲಿಕ್ಕೇ ದಿನಕ್ಕೆ 60-70 ಲೀಟರ್ ಬೇಕು. ಎರಡಕ್ಕೆ ಸುಮಾರು 130 ಲೀಟರ್. ಉಳಿದ 145 ಲೀಟರ್‌ನಲ್ಲಿ ಐದು ಜನರ ಸ್ನಾನ, ಅಡುಗೆ, ಬಟ್ಟೆ ಆಗಬೇಕು. ಎಮ್ಮೆ ಮೈ ತೊಳೆಯುವುದು, ಕ್ಯಾನು-ಪಾತ್ರೆ ತೊಳೆಯುವುದು ಬೇರೆ. ಅಂದರೆ ತಲೆಗೆ 30 ಲೀಟರೂ ಸಿಗುವುದಿಲ್ಲ.

ಹಾಲಿನಲ್ಲಿ 100ಕ್ಕೆ 80ಕ್ಕೂ ಹೆಚ್ಚು ಭಾಗ ನೀರೇ. ನೀರು ಕಡಿಮೆ ಕುಡಿದ ದನ ಹಾಲು ಕಡಿಮೆ ಕೊಡುತ್ತದೆ. ಸರಕಾರದ ಲೆಕ್ಕದಲ್ಲಿ ಮನುಷ್ಯರ ತಲೆ ಎಣಿಸಿದ್ದಾರೆ, ದನಗಳ ತಲೆ ಎಣಿಸಿಲ್ಲ. ಆ ಕೊರತೆ ತುಂಬಲು ಕೊಡ ಹೊತ್ತು ನಡೆಯುವವರು ನೀವು, ನಿಮ್ಮ ಹೆಣ್ಣುಮಕ್ಕಳು. ಆದ್ದರಿಂದ ದನದ ತೊಟ್ಟಿ, ಅದಕ್ಕೆ ಬೇರೆ ನಲ್ಲಿ, ಬೇಸಿಗೆಗೆ ಮೊದಲೇ ಕೆರೆ ಮತ್ತು ಬಾವಿಯ ಹೂಳು ತೆಗೆಸುವುದು ಪಂಚಾಯಿತಿಯ ಮೊದಲ ಕೆಲಸ ಆಗಬೇಕು. ಖಾನಾಪುರದ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ, ಜಾಂಬೋಟಿ ಕಡೆ ಮಳೆ ಧೋ ಎಂದು ಸುರಿಯುತ್ತದೆ. ಆದರೆ ಇಳಿಜಾರಿನಲ್ಲಿ ಹರಿದುಹೋದ ನೀರು ಏಪ್ರಿಲ್‌ನಲ್ಲಿ ತೊಟ್ಟಿಗೆ ಬರುವುದಿಲ್ಲ.

ನಮ್ಮ ರಾಜ್ಯದಲ್ಲಿ ಪಂಚಾಯಿತಿಗಳಿಗೆ ಅಧಿಕಾರ ಕೊಟ್ಟ 1983ರ ಕಾಯ್ದೆಯ ಹಿಂದಿದ್ದ ಮಂತ್ರಿ ಅಬ್ದುಲ್ ನಜೀರ್ ಸಾಬ್. ಅವರೇ ಹಳ್ಳಿಹಳ್ಳಿಗೆ ಕೊಳವೆಬಾವಿ ಹಾಕಿಸಿ ‘ನೀರ್ ಸಾಬ್’ ಎಂದು ಹೆಸರಾದರು. ಊರಿನವರ ಕೈಗೆ ಅಧಿಕಾರ ಕೊಡುವುದೂ ಊರಿಗೆ ನೀರು ಕೊಡುವುದೂ ಅವರಿಗೆ ಬೇರೆ ಬೇರೆ ಕೆಲಸವಾಗಿ ಕಂಡಿರಲಿಲ್ಲ.

ಎರಡನೆಯದು ದಾರಿ

ಕರೆದ ಹಾಲು ಬೇಗ ತಣ್ಣಗಾಗಬೇಕು. ಶೀತಲೀಕರಣ ಘಟಕದಲ್ಲಿ 4 ಡಿಗ್ರಿಗೆ ಇಳಿದರೆ ಅದು ಉಳಿಯುತ್ತದೆ. ಅದಕ್ಕೆ ಮುಂಚೆ ದಾರಿಯಲ್ಲಿ ತಡವಾದರೆ ಹುಳಿ ಹಿಡಿಯುತ್ತದೆ. ಹಾಲಿನ ಗಾಡಿ ಬರುವ ದಾರಿಯಲ್ಲಿ ಒಂದು ಸಿಡಿ ಕುಸಿದರೆ ಇಡೀ ಊರಿನ ಒಂದು ಹೊತ್ತಿನ ಹಾಲು ಹೋಯಿತು ಎಂದೇ ಅರ್ಥ. ಊರ ಮುಂದೆ ಕಮಾನು ಕಟ್ಟಿಸುವುದು ತಪ್ಪಲ್ಲ, ಸಮುದಾಯ ಭವನವೂ ಬೇಕು. ಮದುವೆ-ಮುಂಜಿಗೆ ನಮಗೂ ಅದು ಆಗುತ್ತದೆ. ಆದರೆ ಕೆಟ್ಟ ಸಿಡಿಯನ್ನು ಹಾಗೇ ಬಿಟ್ಟು ಕಮಾನು ಕಟ್ಟಿದರೆ ಅದು ಸರಿಯಾದ ಕ್ರಮ ಅಲ್ಲ.

ಖಾನಾಪುರದ ಕಾಡಂಚಿನ ಊರುಗಳಲ್ಲಿ ದಾರಿಯ ಮಾತು ಹಾಲಿಗಿಂತ ದೊಡ್ಡದು. 2024ರ ಜುಲೈನಲ್ಲಿ ಆಮಗಾಂವದ ಜನ ಕಾಯಿಲೆ ಬಿದ್ದ ಹೆಣ್ಣುಮಗಳೊಬ್ಬರನ್ನು ಮಳೆಯಲ್ಲಿ ಕಾಡಿನ ದಾರಿಗುಂಟ ಕಿಲೋಮೀಟರುಗಟ್ಟಲೆ ಹೊತ್ತು ತಂದದ್ದನ್ನು ನೀವೆಲ್ಲ ಕೇಳಿದ್ದೀರಿ. ಭೀಮಗಡ 2011ರಲ್ಲಿ ವನ್ಯಜೀವಿ ಧಾಮವಾಯಿತು. ಅದರ ಒಳಗಿನ ಊರುಗಳಿಗೆ ಪಂಚಾಯಿತಿ ಒಂದೇ ನಿರ್ಧಾರ ಮಾಡಿ ರಸ್ತೆ ಹಾಕಲು ಬರುವುದಿಲ್ಲ, ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಇದು ನಿಜ. ಆದರೆ ‘ಕಾಡಿನ ಕಾನೂನು, ನಮ್ಮ ಕೈಯಲ್ಲಿ ಏನೂ ಇಲ್ಲ’ ಎನ್ನುವುದು ಪೂರ್ತಿ ನಿಜ ಅಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಲ್ಲಿ ರಸ್ತೆ, ಶಾಲೆ, ಅಂಗನವಾಡಿ, ದವಾಖಾನೆ, ಕುಡಿಯುವ ನೀರು, ವಿದ್ಯುತ್ ತಂತಿ ಇಂಥ ಕೆಲಸಗಳಿಗೆ ಪ್ರತಿ ಕೆಲಸಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಮೀನು ಕೊಡಲು ಅವಕಾಶವಿದೆ. ಅದಕ್ಕೆ ಗ್ರಾಮಸಭೆಯ ಶಿಫಾರಸು ಬೇಕೇ ಬೇಕು. ವನ್ಯಜೀವಿ ಧಾಮದೊಳಗೆ ಇಷ್ಟರಿಂದಲೇ ಕೆಲಸ ಮುಗಿಯದು. ಆದರೆ ಗ್ರಾಮಸಭೆಯ ಆ ಠರಾವು ಇಲ್ಲದಿದ್ದರೆ ಈ ದಾರಿಯಲ್ಲಿ ಕಡತ ಮುಂದೆ ಹೋಗುವುದಿಲ್ಲ.

ಮೂರನೆಯದು ದನದ ಆರೈಕೆ

2022ರಲ್ಲಿ ಚರ್ಮಗಂಟು ರೋಗ ಬಂದಾಗ ಏನಾಯಿತು ನೆನಪಿಸಿಕೊಳ್ಳಿ. ಲಸಿಕೆ ಹಾಕುವುದು, ಔಷಧ ಕೊಡುವುದು ಪಶುಪಾಲನಾ ಇಲಾಖೆಯ ಕೆಲಸ. ಆದರೆ ಸತ್ತ ದನವನ್ನು ಎಲ್ಲಿ ಹೂಳಬೇಕು, ಗುಂಡಿ ತೋಡುವವರು ಯಾರು, ಗಟಾರದ ಸೊಳ್ಳೆಗೆ ಔಷಧ ಹೊಡೆಯುವವರು ಯಾರು ಎಂಬ ಪ್ರಶ್ನೆ ಬಂದದ್ದು ಊರಿನಲ್ಲೇ. ಆ ಜಾಗವನ್ನು ರೋಗ ಬಂದ ಮೇಲೆ ಹುಡುಕುವುದಲ್ಲ, ಮೊದಲೇ ಗುರುತಿಸಿಡಬೇಕು. ದನಕ್ಕೆ ತುರ್ತು ಬಂದರೆ 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುವ ವ್ಯವಸ್ಥೆ ಇದೆ. ಆ ನಂಬರು ಸಂಘದ ಗೋಡೆಯ ಮೇಲೂ ಪಂಚಾಯಿತಿಯ ಗೋಡೆಯ ಮೇಲೂ ದೊಡ್ಡದಾಗಿ ಬರೆಸಲು ಯಾವ ಅನುದಾನವೂ ಬೇಡ.

ಮೇವಿನ ಮಾತೂ ಇಲ್ಲೇ ಬರುತ್ತದೆ. 100 ದನಗಳಿಗೆ 30 ಎಕರೆ ಗೋಮಾಳ ಇರಬೇಕು ಎಂಬುದು ಭೂ ಕಂದಾಯ ನಿಯಮದ ಲೆಕ್ಕ. ನಿಮ್ಮೂರಿನಲ್ಲಿ ದನ ಎಷ್ಟು, ಗಾಯರಾಣ ಎಷ್ಟು ಉಳಿದಿದೆ ಎಂದು ಗ್ರಾಮಸಭೆಯಲ್ಲಿ ಕೇಳಿ. ಉತ್ತರ ಕೊಡಲು ಅವರು ಕಂದಾಯ ಇಲಾಖೆಯನ್ನು ಕೇಳಬೇಕಾಗುತ್ತದೆ. ಕೇಳಲಿ.

‘ದುಡ್ಡು ಎಲ್ಲಿದೆ?’ ಎಂದರೆ

ಈ ಉತ್ತರ ಬಂದೇ ಬರುತ್ತದೆ. ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಪಂಚಾಯಿತಿಗೆ ಬರುವ ಬಹುಪಾಲು ಹಣಕ್ಕೆ ಮೇಲಿನಿಂದಲೇ ಹಣೆಪಟ್ಟಿ ಕಟ್ಟಿರುತ್ತದೆ. ಆದರೆ ಆ ಹಣೆಪಟ್ಟಿಯನ್ನು ಓದಿ ನೋಡಿ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 100 ರೂಪಾಯಿಗೆ 60 ರೂಪಾಯಿಯನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟಿದ್ದರು. ಉಳಿದ 40 ರೂಪಾಯಿಯನ್ನು ಸಂಬಳ-ಸಾರಿಗೆಗೆ ಬಿಟ್ಟು ಊರಿನ ಅಗತ್ಯಕ್ಕೆ ಬಳಸಬಹುದಿತ್ತು. ಆ ವರ್ಷಗಳಲ್ಲಿ ನಿಮ್ಮೂರಿನ ಆ 40 ರೂಪಾಯಿ ಯಾವುದಕ್ಕೆ ಹೋಯಿತು ಎಂಬುದು ಜಮಾಬಂದಿಯಲ್ಲಿ ಕೇಳಬೇಕಾದ ಪ್ರಶ್ನೆ. ಉದ್ಯೋಗ ಖಾತ್ರಿಯಲ್ಲಿ ಎಷ್ಟೋ ಊರುಗಳಲ್ಲಿ ದನದ ಕೊಟ್ಟಿಗೆ ಆದವು, ಕೆಲವು ಊರುಗಳಲ್ಲಿ ಒಂದೂ ಆಗಲಿಲ್ಲ. ಕೊಟ್ಟಿಗೆ ಬೇಕಾದವರ ಹೆಸರು ಕ್ರಿಯಾ ಯೋಜನೆಯಲ್ಲಿ ಬರೆಸಿದ ಊರಿಗೆ ಬಂತು, ಬರೆಸದ ಊರಿಗೆ ಬರಲಿಲ್ಲ.

ಇನ್ನು ಕೆಲವು ಕೆಲಸ ಪಂಚಾಯಿತಿಯ ಕೈಯಲ್ಲಿ ಇಲ್ಲ. ಪಶು ಆಸ್ಪತ್ರೆಗೆ ವೈದ್ಯರನ್ನು ಕೊಡುವುದು, ಊರಿಂದೂರಿಗೆ ರಸ್ತೆ ಮಾಡುವುದು ಮೇಲಿನವರ ಕೆಲಸ. ಅದಕ್ಕೆ ಬೆಳಗಾವಿಗೆ ಹೋಗಬೇಕು. ಅಲ್ಲಿ ಜಿಲ್ಲಾ ಪಂಚಾಯಿತಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗದೆ ಆಡಳಿತಾಧಿಕಾರಿಗಳು ನಡೆಸಿಕೊಂಡು ಬಂದರು. ತಾಲೂಕು ಪಂಚಾಯಿತಿಯ ಕತೆಯೂ ಅದೇ. ಖಾನಾಪುರದಿಂದ ಬೆಳಗಾವಿ 26 ಕಿ.ಮೀ. ದೂರ ಅಷ್ಟೇ. ಆದರೆ ಅಲ್ಲಿ ನಮ್ಮ ಪರವಾಗಿ ಮಾತಾಡಲು ನಾವು ಆರಿಸಿದ ಸದಸ್ಯರೇ ಇಲ್ಲದಿದ್ದರೆ ಗ್ರಾಮಸಭೆಯ ಠರಾವಿನ ಬೆಲೆ ಇನ್ನೂ ಹೆಚ್ಚುತ್ತದೆ.

‘ಹೆಂಗಸರು ಬರೋದೇ ಇಲ್ಲರೀ’

ಪಂಚಾಯಿತಿಯವರು ಹೀಗೆ ಹೇಳುತ್ತಾರೆ. ಯಾಕೆ ಬರುವುದಿಲ್ಲ ಎಂದು ಅವರು ಕೇಳಿಲ್ಲ. ಬೆಳಿಗ್ಗೆ ಹಾಲು ಹಾಕಿ, ಸಗಣಿ ಬಳಿದು, ಅಡುಗೆ ಮಾಡಿ, ಮೇವಿಗೆ ಹೋಗಿ ಬರುವಷ್ಟರಲ್ಲಿ ಸಭೆ ಮುಗಿದಿರುತ್ತದೆ. ಸಂಜೆಗೆ ಇಟ್ಟರೆ ಮತ್ತೆ ಹಾಲು ಕರೆಯುವ ಹೊತ್ತು. ಸಭೆಯನ್ನು 12ರಿಂದ 3ರ ನಡುವೆ ಇಡಿ ಎಂದು ಕೇಳುವುದು ನಿಮ್ಮ ಮೊದಲ ಬೇಡಿಕೆ ಆಗಲಿ. ಸಭೆಗೆ ಸೇರಿದವರಲ್ಲಿ 100ಕ್ಕೆ 30 ಮಂದಿಯಾದರೂ ಮಹಿಳೆಯರು ಇರಬೇಕು ಎಂದು ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ನೀವು ಹೋಗದಿದ್ದರೆ ಆ ಸಭೆಯೇ ಅರ್ಧಮರ್ಧ.

ನಮ್ಮ ರಾಜ್ಯದಲ್ಲಿ 1987ರ ಪಂಚಾಯಿತಿ ಚುನಾವಣೆಯಲ್ಲೇ ಮಹಿಳೆಯರಿಗೆ 100ಕ್ಕೆ 25 ಸ್ಥಾನ ಮೀಸಲಿತ್ತು. 2010ರಿಂದ ಅದು 50 ಆಗಿದೆ. ಆದರೂ ಅನೇಕ ಕಡೆ ಕುರ್ಚಿಯಲ್ಲಿ ಅಕ್ಕ, ಮಾತು ಭಾವನದು. ಇದನ್ನು ಸದಸ್ಯೆಯ ತಪ್ಪು ಎಂದು ಆಡಿಕೊಳ್ಳುವುದು ಸುಲಭ. ಸಭೆಯ ತುಂಬ ಗಂಡಸರೇ ಕೂತಿದ್ದರೆ ಆಕೆ ಒಬ್ಬಳೇ ಎದ್ದು ಏನು ಮಾತಾಡಬೇಕು? ಎದುರಿಗೆ ನೀವು ಇಪ್ಪತ್ತು ಜನ ಕೂತಿದ್ದರೆ ಆಕೆಗೂ ಬಾಯಿ ಬರುತ್ತದೆ.

ಖಾನಾಪುರ ಕಡೆಯ ಅಕ್ಕಂದಿರಿಗೆ ಇನ್ನೊಂದು ಮಾತು. ಮನೆಯಲ್ಲಿ ಮರಾಠಿ, ಕೊಂಕಣಿ ಆಡುವವರು ನಿಮ್ಮಲ್ಲಿ ಬಹಳ ಜನ. ಭಾಷೆ ಸರಿಯಾಗಿ ಬರುವುದಿಲ್ಲ ಎಂದು ಹಿಂದೆ ಕೂರಬೇಡಿ. ನಿಮಗೆ ಬಂದ ಭಾಷೆಯಲ್ಲೇ ಹೇಳಿ. ಬರೆದುಕೊಂಡ ಠರಾವನ್ನು ನಿಮಗೆ ತಿಳಿಯುವಂತೆ ಓದಿ ಹೇಳಿ ಎಂದು ಕೇಳಿ, ಆಮೇಲೆ ಸಹಿ ಮಾಡಿ.

ಹೀಗೆ ಮಾಡಿ

ಸಂಘಕ್ಕೆ ಹಾಲು ಹಾಕಲು ಬಂದಾಗ ನಾಲ್ಕು ದಿನ ಸರದಿಯಲ್ಲಿ ನಿಂತಲ್ಲೇ ಮಾತಾಡಿಕೊಳ್ಳಿ. ನೀರು, ದಾರಿ, ದನದ ಆರೈಕೆ ಇವುಗಳಲ್ಲಿ ನಿಮ್ಮೂರಿಗೆ ಯಾವುದು ಮೊದಲು ಎಂದು ನಿರ್ಧರಿಸಿ. ಮೂರೇ ಬೇಡಿಕೆ ಇರಲಿ, ಹತ್ತು ಬೇಡ. ಜಾಗ ಎಲ್ಲಿ, ಎಷ್ಟು ಮನೆಗೆ ಉಪಯೋಗ ಎಂದು ಒಂದು ಹಾಳೆಯಲ್ಲಿ ಬರೆದು ಸಂಘದ ಆಡಳಿತ ಮಂಡಳಿಯಿಂದಲೂ ಠರಾವು ಮಾಡಿಸಿ.

ಮೊದಲು ವಾರ್ಡ್ ಸಭೆ ನಡೆಯುತ್ತದೆ, ಆಮೇಲೆ ಗ್ರಾಮಸಭೆ. ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಲೇಬೇಕು. ಬೇಡಿಕೆಯನ್ನು ವಾರ್ಡ್ ಸಭೆಯಲ್ಲೇ ಬರೆಸಿ. ಮಹಿಳಾ ಗ್ರಾಮಸಭೆ ಇಟ್ಟರೆ ಅಲ್ಲೂ ಬರೆಸಿ. ಹಾಳೆಯ ಒಂದು ಪ್ರತಿಗೆ ಪಂಚಾಯಿತಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಸಂಘದ ಕಪಾಟಿನಲ್ಲಿಡಿ. ಮುಂದಿನ ವರ್ಷದ ಜಮಾಬಂದಿಗೆ ಅದೇ ಹಾಳೆ ಹಿಡಿದು ಹೋಗಿ, ಇದರಲ್ಲಿ ಎಷ್ಟಾಯಿತು ಎಂದು ಕೇಳಿ. ಮತ ಕೇಳಲು ಬಂದವರಿಗೂ ಅದೇ ಹಾಳೆ ತೋರಿಸಿ.

ಒಂದೇ ಸಭೆಗೆ ಎಲ್ಲವೂ ಆಗಿಬಿಡುವುದಿಲ್ಲ. ಸಂಘವೂ ಒಂದೇ ದಿನದಲ್ಲಿ ಕಟ್ಟಿದ್ದಲ್ಲ. ಒಂದು ಲೀಟರು, ಎರಡು ಲೀಟರು ಹಾಕುವವರು ಕೂಡಿ ಬೆಳೆಸಿದ್ದು. ಈ ವರ್ಷ ಒಂದು ದನದ ತೊಟ್ಟಿ ಆದರೂ ನಿಮ್ಮ ಮಗಳ ತಲೆಯ ಮೇಲಿನ ನಾಲ್ಕು ಕೊಡ ಇಳಿಯುತ್ತದೆ.

ನಿಮ್ಮೂರಿನ ಸಭೆಯಲ್ಲಿ ಏನು ಕೇಳಿದಿರಿ, ಏನು ಉತ್ತರ ಬಂತು ಎಂದು ಈ ಪತ್ರಿಕೆಗೆ ಬರೆದು ಕಳಿಸಿ. ಹಾಲಿನ ಗಾಡಿಯವರ ಕೈಯಲ್ಲಿ ಕೊಟ್ಟರೂ ಸಾಕು.