ಗಣಿತವಿಭಾಗದ ಕಂಪ್ಯೂಟರು ಕೋಣೆಯ ಬೀಗದ ಕೈ

ನಮ್ಮ ಶಾಲೆಯಿಂದ ಹೊರಟು ಗಣಿತಶಾಸ್ತ್ರವನ್ನು ವ್ಯಾಸಂಗಮಾಡಬೇಕೆಂದು ವಿಶ್ವವಿದ್ಯಾನಿಲಯವನ್ನು ಸೇರುವ ಹುಡುಗಿಯರ ತಾಯಿತಂದೆಗಳು ಸಾಧಾರಣವಾಗಿ ಮೂರು ಸಂಗತಿಗಳನ್ನು ವಿಚಾರಿಸುತ್ತಾರೆ: ಫೀಜು ಎಷ್ಟು, ಹಾಸ್ಟೆಲಿನ ಊಟ ಹೇಗೆ, ಸಂಜೆ ಎಷ್ಟು ಗಂಟೆಗೆ ಬಾಗಿಲು ಹಾಕುವರು. ಇವು ಬೇಡವೆನ್ನುವವಳು ನಾನಲ್ಲ. ಆದರೆ ನಾಲ್ಕನೆಯ ಪ್ರಶ್ನೆಯೊಂದುಂಟು. ಅದನ್ನು ಕೇಳುವವರು ವಿರಳ. ಗಣಿತವಿಭಾಗದ ಕಂಪ್ಯೂಟರು ಕೋಣೆಯ ಬೀಗದ ಕೈ ಯಾರ ಬಳಿಯಲ್ಲಿರುತ್ತದೆ? ಆ ಕೋಣೆ ಎಷ್ಟು ಹೊತ್ತು ತೆರೆದಿರುತ್ತದೆ?

ಗಣಿತಕ್ಕೆ ಕಾಗದವೂ ಸೀಸದ ಕಡ್ಡಿಯೂ ಸಾಲದೇ ಎಂದು ಹಿರಿಯರು ಕೇಳಬಹುದು. ಬಹುಕಾಲ ಸಾಕಾಗಿದ್ದುದು ನಿಜ. ಆದರೂ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದವರು 1937ರಷ್ಟು ಹಿಂದೆಯೇ ‘ಗಣಿತ ಪ್ರಯೋಗಶಾಲೆ’ ಎಂಬುದನ್ನು ಸ್ಥಾಪಿಸಿದರು. ಯುದ್ಧಾನಂತರ ಮಾರಿಸ್ ವಿಲ್ಕ್ಸ್ ಎಂಬವರ ಮೇಲ್ವಿಚಾರಣೆಯಲ್ಲಿ ಅಲ್ಲಿ ಎಡ್ಸ್ಯಾಕ್ ಎಂಬ ಯಂತ್ರ ಸಿದ್ಧವಾಯಿತು. ಸುಮಾರು 3000 ವಾಲ್ವುಗಳು. ಪಾದರಸ ತುಂಬಿದ ಕೊಳವೆಗಳೇ ಅದರ ಜ್ಞಾಪಕಶಕ್ತಿ. 1949ನೆಯ ಇಸವಿ ಮೇ 6ರಂದು ಅದು ಮೊದಲು ಮಾಡಿದ ಲೆಕ್ಕ 0ಯಿಂದ 99ರ ವರೆಗಿನ ಸಂಖ್ಯೆಗಳ ವರ್ಗಗಳ ಕೋಷ್ಟಕ. ನಮ್ಮ ಕೆಳತರಗತಿಯ ಮಕ್ಕಳೂ ಸ್ಲೇಟಿನ ಮೇಲೆ ಮಾಡಬಲ್ಲ ಲೆಕ್ಕವೇ!

ನನಗೆ ಯಂತ್ರಕ್ಕಿಂತಲೂ ಅದನ್ನು ನಡೆಯಿಸಿದ ಕ್ರಮವೇ ಹೆಚ್ಚು ಮೆಚ್ಚಿಕೆಯಾದುದು. ವಿಶ್ವವಿದ್ಯಾನಿಲಯದ ಯಾವ ಶಾಖೆಯವರೇ ಆಗಲಿ, ತಮ್ಮ ಲೆಕ್ಕದ ಕ್ರಮವನ್ನು ತಾವೇ ಬರೆದು, ಕಾಗದದ ಪಟ್ಟಿಯಲ್ಲಿ ರಂಧ್ರಗಳಾಗಿ ಕೊರೆದು ತರುತ್ತಿದ್ದರು. ಆ ಪಟ್ಟಿಗಳನ್ನು, ಒಗೆದ ಬಟ್ಟೆಯನ್ನು ಹಗ್ಗಕ್ಕೆ ಹಾಕುವಂತೆ, ಒಂದು ದಾರಕ್ಕೆ ಸಾಲಾಗಿ ತೂಗುಹಾಕುವರು. ಕೆಲಸದವರು ಒಂದೊಂದಾಗಿ ತೆಗೆದು ಯಂತ್ರಕ್ಕೆ ಕೊಡುವರು. ಕಚೇರಿಯ ವೇಳೆ ಮುಗಿದ ಮೇಲೆ, ಅನುಮತಿ ಪಡೆದವರು ಯಂತ್ರವನ್ನು ತಾವೇ ನಡೆಯಿಸಬಹುದಾಗಿತ್ತು. ರಾತ್ರಿ ಯಾವುದಾದರೊಂದು ವಾಲ್ವು ಸುಟ್ಟುಹೋದರೆ ಅಂದಿನ ಕೆಲಸ ಮುಗಿದಂತೆ. 1954ರಲ್ಲಿ ಸಂಶೋಧನೆಗೆ ಬಂದ ಜಾಯ್ಸ್ ಬ್ಲ್ಯಾಕ್ಲರ್ ಎಂಬ ತರುಣಿ ನಕ್ಷತ್ರಗಳ ಒಡಲಿನ ಸ್ಥಿತಿಗತಿಗಳನ್ನು ಈ ಯಂತ್ರದಿಂದಲೇ ಲೆಕ್ಕಹಾಕಿದಳು. ರಾತ್ರಿ ಅಲ್ಲಿ ಕೆಲಸಮಾಡುವುದಕ್ಕೆ ಆಕೆಗೂ ಅವಕಾಶವಿದ್ದಿತು.

ಯಂತ್ರ ದೊರೆಯದಿದ್ದರೆ ಏನಾಗುತ್ತದೆಂಬುದಕ್ಕೂ ಅಲ್ಲಿಯೇ ದೃಷ್ಟಾಂತವಿದೆ. ನರಗಳಲ್ಲಿ ವಿದ್ಯುತ್ತು ಹರಿಯುವ ಬಗೆಯನ್ನು ಶೋಧಿಸುತ್ತಿದ್ದ ಆಂಡ್ರ್ಯೂ ಹಕ್ಸ್ಲಿಯವರಿಗೆ ಯಂತ್ರ ಬೇಕಾಗಿದ್ದ ಸಮಯದಲ್ಲಿ, ಮಾರ್ಪಾಡುಗಳ ನಿಮಿತ್ತ ಅದು ಸುಮಾರು ಆರು ತಿಂಗಳು ನಿಂತಿತ್ತು. ಅವರು ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದಲ್ಲಿ ವಾರಗಟ್ಟಲೆ ದುಡಿದು ಫಲವನ್ನು ಕಂಡರು. 1963ರಲ್ಲಿ ನೊಬೆಲ್ ಬಹುಮಾನದ ಪಾಲುಗಾರರಾದರು. ‘ಕೋಣೆಯಿಲ್ಲದೆಯೂ ಕೆಲಸ ನಡೆಯಿತಲ್ಲ’ ಎಂದು ಯಾರಾದರೂ ವಾದಿಸಿದರೆ ಹೌದೆನ್ನಬೇಕು. ಆದರೆ ಹಕ್ಸ್ಲಿ ಹಕ್ಸ್ಲಿಯೇ. ಮೊದಲನೆಯ ವರ್ಷದ ಹುಡುಗಿಯಿಂದ ಅಷ್ಟು ಹಟವನ್ನು ಅಪೇಕ್ಷಿಸುವುದು ನ್ಯಾಯವೇ? ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಅಪೆಲ್ ಮತ್ತು ಹಾಕೆನ್ ಎಂಬ ಗಣಿತಜ್ಞರು, ಭೂಪಟಕ್ಕೆ ನಾಲ್ಕೇ ಬಣ್ಣಗಳು ಸಾಕೆಂಬುದನ್ನು 1976ರಲ್ಲಿ ಸಾಧಿಸಿದಾಗ ಕಂಪ್ಯೂಟರು 1000 ಗಂಟೆಗಳಿಗೂ ಮೀರಿ ದುಡಿದಿತ್ತು. ಅದನ್ನು ಯಾವ ಕೈಯೂ ಮಾಡಿ ಮುಗಿಸಲಾರದು.

ನಾನು ಓದಿದ ವಿಭಾಗದಲ್ಲಿಯೂ ಕೋಣೆಯಿತ್ತು. ಚಪ್ಪಲಿಗಳನ್ನು ಹೊರಗೆ ಬಿಟ್ಟು ಗುಡಿಗೆ ಹೋಗುವಂತೆ ಒಳಹೊಗುತ್ತಿದ್ದೆವು. ವಾರಕ್ಕೆ ಒಂದು ಪೀರಿಯಡು. ಒಂದು ಕಂಪ್ಯೂಟರಿಗೆ ಮೂವರು. ಕೀಲಿಮಣೆ ಮಾತ್ರ ಯಾವಾಗಲೂ ಹುಡುಗನ ಕೈಯಲ್ಲಿ. ಸಂಜೆ ಬೀಗ ಹಾಕಿದ ಮೇಲೆ ಜವಾನನನ್ನು ಒಲಿಸಿಕೊಂಡು ಹುಡುಗರು ಮತ್ತೆ ಒಳಹೊಗುತ್ತಿದ್ದರು. ನಾವು ಆರು ಗಂಟೆಯೊಳಗೆ ಹಾಸ್ಟೆಲಿನಲ್ಲಿರಬೇಕಾಗಿತ್ತು. ಪರೀಕ್ಷೆಯಲ್ಲಿ ಅವರಿಗಿಂತ ಹೆಚ್ಚು ಅಂಕಗಳನ್ನು ಪಡೆದೆವೆಂಬುದು ಬೇರೆ ಮಾತು. ಕೆಲಸ ಕಲಿತವರು ಅವರು.

ಈಗ ಎಲ್ಲರ ಕೈಯಲ್ಲಿಯೂ ಮೊಬೈಲು ಇರುವಾಗ ಕೋಣೆಯೇತಕ್ಕೆ ಎನ್ನುವವರಿದ್ದಾರೆ. ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಉದ್ದವಾದ ಪ್ರೋಗ್ರಾಮನ್ನು ಬರೆದು ತಿದ್ದಲು ಯತ್ನಿಸಿದವರು ಹಾಗೆನ್ನಲಾರರು. ಲ್ಯಾಪ್‌ಟಾಪು ಎಲ್ಲರ ಮನೆಯಲ್ಲಿಲ್ಲ. ಅಲ್ಲದೆ, ತಪ್ಪು ಎಲ್ಲಿದೆಯೆಂದು ಪಕ್ಕದಲ್ಲಿ ಕುಳಿತವಳು ಬೆರಳಿಟ್ಟು ತೋರಿಸುವ ಲಾಭ ಒಂಟಿಯಾಗಿ ಕುಳಿತವಳಿಗೆಲ್ಲಿಯದು? ದುಡ್ಡಿಲ್ಲವೆಂಬ ನೆಪವೂ ಪೂರ್ತಿ ನಿಲ್ಲುವುದಿಲ್ಲ. ವಿಲಿಯಂ ಸ್ಟೈನ್ ಎಂಬವರು 2005ರಲ್ಲಿ ಆರಂಭಿಸಿದ ಸೇಜ್, ಆಕ್ಟೇವ್ ಮುಂತಾದ ಗಣಿತದ ತಂತ್ರಾಂಶಗಳು ಯಾರಿಗಾದರೂ ಧರ್ಮಾರ್ಥವಾಗಿ ದೊರೆಯುತ್ತವೆ. ಹಳೆಯ ಕಂಪ್ಯೂಟರುಗಳಲ್ಲಿಯೂ ಕಲಿಯುವಷ್ಟು ಕೆಲಸ ನಡೆಯುತ್ತದೆ.

ಆದುದರಿಂದ ನಾನು ಕೇಳುವುದು ಇಷ್ಟೇ: ಕೋಣೆ ರಾತ್ರಿ ಎಂಟರ ವರೆಗಾದರೂ ತೆರೆದಿರಲಿ; ಅಲ್ಲಿರುವ ಹುಡುಗಿಯರಿಗೆ ಹಾಸ್ಟೆಲಿನ ಬಾಗಿಲೂ ಅಷ್ಟು ಹೊತ್ತು ತೆರೆದಿರಲಿ; ಹಿಂದಿರುಗುವಾಗ ಜೊತೆಗೆ ಒಬ್ಬರು ಬರಲಿ; ಇದಕ್ಕೆ ಮನೆಯವರ ಒಪ್ಪಿಗೆಯ ಪತ್ರವನ್ನು ವರ್ಷಾರಂಭದಲ್ಲಿಯೇ ತರಿಸಿಕೊಳ್ಳಲಿ. ಅಂಥ ಪತ್ರಕ್ಕೆ ತಾಯಿತಂದೆಗಳು ಸಹಿ ಹಾಕುವುದಿಲ್ಲವೆಂದು ವಾರ್ಡನರು ಹೇಳುವುದನ್ನು ಕೇಳಿದ್ದೇನೆ. ತಾಯಿತಂದೆಗಳನ್ನು ವಿಚಾರಿಸಿದರೆ, ಅಂಥ ಪತ್ರವೇ ತಮಗೆ ಬರಲಿಲ್ಲವೆನ್ನುತ್ತಾರೆ.