ಕೆಸರು ಟೈರು ಮತ್ತು ಬೆಟ್ಟದ ನೆಲ

ಜೀಪನ್ನು ಎತ್ತರಿಸಿ, ಆಳ ಹಲ್ಲುಗಳ ಅಗಲ ಟೈರು ತೊಡಿಸಿ, ಮಳೆಗಾಲದಲ್ಲಿ ಹುಲ್ಲುಗಾವಲಿನ ಬೆಟ್ಟ ಏರುವುದನ್ನು ಕೆಲವರು ಸಾಹಸವೆನ್ನುತ್ತಾರೆ. ಅಗಲ ಟೈರಿನ ಗಾಳಿ ಇಳಿಸಿದರೆ ಭಾರ ಹಂಚಿಹೋಗಿ ನೆಲಕ್ಕೆ ಹಾನಿಯಾಗದೆಂಬುದು ಅವರ ವಾದ. ಇದು ಅರ್ಧಸತ್ಯ. ಒತ್ತಡ ತಗ್ಗುವುದು ನಿಜ; ಆದರೆ ಇಳಿಜಾರಿನಲ್ಲಿ ಗಾಲಿ ಜಾರಿ ತಿರುಗಿದಾಗ ಅದೇ ಹಲ್ಲುಗಳು ಹುಲ್ಲನ್ನು ಬೇರುಸಹಿತ ಕೀಳುತ್ತವೆ. ನೆನೆದ ಮಣ್ಣಿನ ರಂಧ್ರಗಳು ಮುಚ್ಚಿ, ನೀರು ಇಂಗದೆ, ಗಾಲಿಯ ಜಾಡೇ ಕೊರಕಲಾಗುತ್ತದೆ. ತುಂಗಾ, ಭದ್ರಾ ಹುಟ್ಟುವ ಗಂಗಾಮೂಲವಿರುವುದು ಇಂಥ ಶೋಲಾ-ಹುಲ್ಲುಗಾವಲುಗಳ ನಡುವೆಯೇ.

ತೋಟದ ಮಣ್ಣುದಾರಿಗೆ ತಯಾರಕರು ಸೂಚಿಸಿದ ಅಳತೆಯ ಸಾಧಾರಣ ಹಲ್ಲಿನ ಟೈರು ಸಾಕು. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವೂ 2019ರಲ್ಲಿ ತೀರ್ಪಿತ್ತಿದೆ. ಮಳೆಗಾಲದ ಹುಲ್ಲುಗಾವಲಿಗೆ ಯಾವ ಟೈರೂ ತಕ್ಕುದಲ್ಲ. ಅಲ್ಲಿ ಜೀಪ್ ರ‍್ಯಾಲಿಗಳಿಗೆ ಅರಣ್ಯ ಇಲಾಖೆ ಅನುಮತಿ ನೀಡಕೂಡದು.