ಹೊಸದು ತಗೊಳ್ಳಿ ಮೇಡಂ!

ಪೇಟೆಯಲ್ಲಿ ನಮ್ಮಂಥ ಹೆಂಗಸರಿಗೆ ಅತ್ಯಂತ ಗೌರವದಿಂದ ಹೇಳುವ ಬೈಗುಳ ಯಾವುದು ಗೊತ್ತೇ? ‘ಇದನ್ನೇನು ರಿಪೇರಿ ಮಾಡಿಸ್ತೀರಿ, ಹೊಸದು ತಗೊಳ್ಳಿ ಮೇಡಂ’ ಎನ್ನುವುದು. ‘ಮೇಡಂ’ ಎಂಬಷ್ಟರಲ್ಲಿ ಬೆಲ್ಲವಿದೆ. ಉಳಿದ ಮಾತಿನಲ್ಲಿರುವುದು ತೀರ್ಪು. ನಿಮಗೆ ಲೆಕ್ಕ ಬರುವುದಿಲ್ಲ, ಯಂತ್ರವಂತೂ ತಿಳಿಯುವುದೇ ಇಲ್ಲ, ಹಳೆಯದಕ್ಕೆ ಜೋತುಬೀಳುವುದು ನಿಮ್ಮ ಜಾತಿಯ ಗುಣ ಎಂಬ ತೀರ್ಪು. ಸೀರೆ ಅಂಗಡಿಯಲ್ಲಿ ಒಂದು ಎಳೆ ಎದ್ದಿದ್ದರೂ ಕಣ್ಣಿಟ್ಟು ಹುಡುಕಿ ತೆಗೆಯುವ ನಾವು, ಮಿಕ್ಸಿ ಅಂಗಡಿಯಲ್ಲಿ ಮಾತ್ರ ಈ ತೀರ್ಪನ್ನು ಕೇಳಿ ತಲೆಯಾಡಿಸಿ, ಹೊಸ ಡಬ್ಬಿ ಹೊತ್ತು ಬರುತ್ತೇವೆ.

ನನ್ನ ತಕರಾರು ಇಷ್ಟೆ. ಕೈಕೊಟ್ಟ ಯಂತ್ರವನ್ನು ಸರಿಮಾಡಿಸಿಕೊಳ್ಳುವುದು ಜಿಪುಣತನವೂ ಅಲ್ಲ, ಹಳೆಯದರ ಮೇಲಿನ ಮೋಹವೂ ಅಲ್ಲ. ಅದು ದುಡ್ಡು ಕೊಟ್ಟು ಕೊಂಡವಳ ಹಕ್ಕು. ಸರಿಮಾಡಲು ಬಾರದ ವಸ್ತುವನ್ನು ಮಾರುವವನು ನಮಗೆ ವಸ್ತುವನ್ನು ಮಾರುತ್ತಿಲ್ಲ. ಪೂರ್ತಿ ಬೆಲೆ ವಸೂಲು ಮಾಡಿಕೊಂಡು ನಾಲ್ಕಾರು ವರ್ಷದ ಬಾಡಿಗೆಗೆ ಕೊಡುತ್ತಿದ್ದಾನೆ.

ಮಿಕ್ಸಿಯ ಮಾತನ್ನೇ ಎತ್ತಿದ್ದಕ್ಕೆ ಕಾರಣವಿದೆ. ನಮ್ಮ ದೇಶದ ಮಿಕ್ಸಿ ಹುಟ್ಟಿದ್ದೇ ಒಂದು ರಿಪೇರಿಯ ತಾಪತ್ರಯದಿಂದ. 1960ರ ದಶಕದ ಮೊದಲ ವರ್ಷಗಳವರೆಗೆ ಇಲ್ಲಿನ ಕೆಲವೇ ಉಳ್ಳವರ ಮನೆಗಳಲ್ಲಿದ್ದದ್ದು ಪರದೇಶದ ಮಿಕ್ಸರುಗಳು. ಹಣ್ಣು ಕಲಸಲು, ಕೆನೆ ಕಡೆಯಲು ಮಾಡಿದ ಯಂತ್ರಗಳವು. ನೆನೆದ ಉದ್ದಿನಬೇಳೆ, ಒಣಮೆಣಸಿನಕಾಯಿ, ಕೊಬ್ಬರಿ, ಅರಿಸಿನದ ಕೊಂಬು ಇವುಗಳ ಮುಂದೆ ಅವು ಎಷ್ಟು ದಿನ ನಿಂತಾವು? ಸತ್ಯಪ್ರಕಾಶ ಮಾಥುರ್ ಎಂಬ ಎಂಜಿನಿಯರು ಆಗ ಸೀಮೆನ್ಸ್ ಕಂಪನಿಯಲ್ಲಿ ಕೆಲಸದಲ್ಲಿದ್ದರು. ಅವರ ಪತ್ನಿ ಮಾಧುರಿ ಮಾಥುರ್ ಅವರ ಜರ್ಮನಿಯ ಬ್ರಾನ್ ಮಿಕ್ಸರ್ ಸುಟ್ಟುಹೋಯಿತು. ಸರಿಮಾಡಿಸೋಣವೆಂದರೆ ಇಲ್ಲಿ ದಾರಿಯಿರಲಿಲ್ಲ. ನಮ್ಮ ಅಡುಗೆಗೆ ತಡೆಯುವಂಥ ಮೋಟಾರನ್ನು ತಾವೇ ಮಾಡಲು ಹೊರಟ ಗಂಡನ ಕೆಲಸದಿಂದ ಬಂದದ್ದು ಸುಮೀತ್ ಮಿಕ್ಸಿ. ಆಮೇಲೆ ಆ ಹೆಸರು ಎಷ್ಟು ಮನೆಮಾತಾಯಿತೆಂದರೆ, ಒಂದು ಕಾಲಕ್ಕೆ ಮದುವೆ ಮಾತುಕತೆಯ ಪಟ್ಟಿಯಲ್ಲೂ ಬಂದು ಕೂತಿತ್ತು.

ಅಂದರೆ ಹೊರದೇಶದ ಯಂತ್ರಕ್ಕೆ ಇಲ್ಲಿ ವೈದ್ಯರಿಲ್ಲ ಎಂಬ ಕೊರತೆಯೇ ನಮ್ಮ ಮಿಕ್ಸಿಯ ತಾಯಿ. ಈಗ ನಮ್ಮಲ್ಲೇ ತಯಾರಾದ, ನಮ್ಮ ಚಟ್ನಿಗೆಂದೇ ಮಾಡಿದ ಯಂತ್ರವನ್ನು ಹಿಡಿದು ಹೋದರೂ ಅದೇ ಉತ್ತರ ಸಿಗುತ್ತದೆಯಾದರೆ ನಾವು ಅರವತ್ತು ವರ್ಷ ನಡೆದದ್ದು ಎಲ್ಲಿಗೆ?

ನನ್ನ ಮಿಕ್ಸಿ 1998ರದು. ಮೂರು ಮಕ್ಕಳ ಬಾಣಂತನದ ಖಾರದಿಂದ ಹಿಡಿದು ಮೊಮ್ಮಗಳ ರಾಗಿ ಸರಿಯವರೆಗೆ ಅರೆದುಕೊಟ್ಟು, 2024ರಲ್ಲಿ ಒಂದು ಬೆಳಿಗ್ಗೆ ಕಮಟು ವಾಸನೆ ಹೊಡೆದು ನಿಂತಿತು. ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದೆ. ಅಲ್ಲಿದ್ದ ಹುಡುಗ ಅದನ್ನು ತಿರುಗಿಸಿ ತಳದ ಚೀಟಿ ಓದಿದ. ‘ಈ ಮಾಡೆಲ್ ನಿಂತುಹೋಗಿದೆ, ಸ್ಪೇರ್ ಬರಲ್ಲ. ಎಕ್ಸ್‌ಚೇಂಜ್‌ಗೆ ಕೊಟ್ಟರೆ ಐನೂರು ಕಡಿಮೆ ಮಾಡ್ತೀವಿ’ ಎಂದ. ಒಂದು ಸ್ಕ್ರೂ ಬಿಚ್ಚಲಿಲ್ಲ. ನಾಡಿ ಹಿಡಿಯದೆಯೇ, ರೋಗಿಯ ವಯಸ್ಸು ಕೇಳಿ ‘ಇನ್ನು ಮನೆಗೆ ಕರ್ಕೊಂಡು ಹೋಗಿ’ ಎನ್ನುವ ಡಾಕ್ಟರನ್ನು ನಾವು ಸುಮ್ಮನೆ ಬಿಡುತ್ತೇವೆಯೇ?

ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಬ್ಬರು ರಿಪೇರಿಯವರಿದ್ದಾರೆ. ಅವರು ‘ಮೇಡಂ’ ಎನ್ನಲಿಲ್ಲ, ‘ಕೂತ್ಕೊಳ್ಳಿ ಅಕ್ಕಾ’ ಎಂದರು. ಹತ್ತು ನಿಮಿಷದಲ್ಲಿ ಮಿಕ್ಸಿಯ ಹೊಟ್ಟೆ ಬಿಚ್ಚಿ, ಕಡಲೆಬೀಜದಷ್ಟು ಉಳಿದಿದ್ದ ಎರಡು ಕರಿಯ ತುಂಡುಗಳನ್ನು ನನ್ನ ಅಂಗೈಗೆ ಹಾಕಿದರು. ಕಾರ್ಬನ್ ಬ್ರಷ್ಷಂತೆ. ಅದನ್ನು ಬದಲಿಸಿ, ಜಾರಿನ ಬುಷ್ ಹಾಕಿ, ಹಲ್ಲು ಸವೆದ ಕಪ್ಲರ್ ತೆಗೆದು ಹೊಸದು ಕೂರಿಸಿ ತೆಗೆದುಕೊಂಡದ್ದು ಮುನ್ನೂರನಲವತ್ತು ರೂಪಾಯಿ, ಕೂಲಿ ಸೇರಿ. ಕೊಡುವಾಗ ಒಂದು ಮಾತು ಹೇಳಿದರು: ‘ಇದು ಕೆಟ್ಟಿರಲಿಲ್ಲ ಅಕ್ಕಾ, ಸವೆದಿತ್ತು ಅಷ್ಟೆ.’

ಈ ಎರಡು ಮಾತಿನ ನಡುವಿನ ಅಂತರದಲ್ಲಿ ಇಡೀ ವ್ಯಾಪಾರ ಅಡಗಿದೆ ನೋಡಿ. ಮಿಕ್ಸಿಯ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವುದು ಆ ಕಾರ್ಬನ್ ತುಂಡುಗಳು. ತಾಮ್ರದ ಪಟ್ಟಿಗಳಿಗೆ ಒರೆಸಿಕೊಂಡು ಒರೆಸಿಕೊಂಡು ಸವೆಯುವುದೇ ಅವುಗಳ ಕೆಲಸ. ಬೆಲೆಬಾಳುವ ಮೋಟಾರು ಉಳಿಯಲಿ ಎಂದು ಅಗ್ಗದ ತುಂಡು ಸವೆಯುತ್ತದೆ. ಕಪ್ಲರ್ ಕೂಡ ಹಾಗೆಯೇ. ಜಾರಿನೊಳಗೆ ಬ್ಲೇಡು ಸಿಕ್ಕಿಕೊಂಡರೆ ಮೋಟಾರಿನ ಬದಲು ತಾನು ಮುರಿಯುವ ತ್ಯಾಗಜೀವಿ ಅದು. ಜಾರಿನ ಕೆಳಗೆ ಕಪ್ಪು ಜಿಡ್ಡುನೀರು ಇಳಿಯತೊಡಗಿದರೆ ಬುಷ್ ಹೋಗಿದೆ ಎಂದರ್ಥ. ಅದನ್ನು ಹಾಗೇ ಬಿಟ್ಟರೆ ನೀರು ಮೋಟಾರಿಗಿಳಿದು ಆಮೇಲೆ ನಿಜವಾಗಿಯೂ ಕೆಡುತ್ತದೆ. ಮಿಕ್ಸಿಯ ತಳದಲ್ಲೊಂದು ಕೆಂಪು ಗುಂಡಿ ಇರುತ್ತದೆ. ಭಾರ ಹೆಚ್ಚಾದಾಗ ಮೋಟಾರು ಸುಡದಿರಲೆಂದು ಅದು ತಾನಾಗಿ ಹೊರಬಂದು ಕರೆಂಟು ತಪ್ಪಿಸುತ್ತದೆ. ಸ್ವಲ್ಪ ಹೊತ್ತು ಆರಲು ಬಿಟ್ಟು ಅದನ್ನು ಒತ್ತಿದರೆ ಮತ್ತೆ ಹೊರಡುತ್ತದೆ. ಆ ಗುಂಡಿಯ ವಿಷಯವನ್ನು ಯಾರೂ ಹೇಳದ ಕಾರಣಕ್ಕೇ ಗುಜರಿ ಕಂಡ ಮಿಕ್ಸಿಗಳು ಎಷ್ಟಿರಬಹುದೋ!

ಸವೆಯಲೆಂದೇ ಇಟ್ಟ ಭಾಗ ಸವೆದಾಗ ಇಡೀ ಯಂತ್ರ ಸತ್ತಿತೆಂದು ಸಾರುವುದಾದರೆ, ಚಪ್ಪಲಿಯ ಉಂಗುಷ್ಠ ಕಿತ್ತಿತೆಂದು ಕಾಲನ್ನೇ ಬದಲಿಸಲು ಹೇಳಬೇಕು. ಸವೆದದ್ದೆಲ್ಲ ಕೆಟ್ಟದ್ದು ಎಂಬ ಈ ಲೆಕ್ಕ ನಾಳೆ ಮನೆಯೊಳಗೂ ಬಂದರೆ, ಐವತ್ತು ದಾಟಿದ, ಮಂಡಿ ನೋಯುವ ನಾವೆಲ್ಲ ಎಕ್ಸ್‌ಚೇಂಜ್ ಮೇಳಕ್ಕೆ ಸಾಲು ನಿಲ್ಲಬೇಕಾದೀತು.

ಎದುರು ವಾದಗಳು ಇಲ್ಲವೆಂದಲ್ಲ. ಮೊದಲನೆಯದು, ‘ಹೊಸದರಲ್ಲಿ ಕರೆಂಟು ಉಳಿಯುತ್ತದೆ’. ಫ್ರಿಜ್ಜಿನ ಮಟ್ಟಿಗೆ ಇದು ನಿಜ. ಅದು ಹಗಲೂ ರಾತ್ರಿ ಓಡುವಂಥದ್ದು. ಇಪ್ಪತ್ತೈದು ವರ್ಷದ ಫ್ರಿಜ್ಜನ್ನು ಬೀಳ್ಕೊಟ್ಟು ಹೆಚ್ಚು ನಕ್ಷತ್ರವಿರುವುದನ್ನು ತಂದರೆ ನಾನು ಆಕ್ಷೇಪಿಸುವುದಿಲ್ಲ. ಆದರೆ ಮಿಕ್ಸಿಗೂ ಅದೇ ಮಂತ್ರ ಜಪಿಸುವವರು ಲೆಕ್ಕ ಹಾಕಲಿ. 750 ವಾಟಿನ ಮಿಕ್ಸಿ ದಿನಕ್ಕೆ ಹತ್ತು ನಿಮಿಷ ಓಡಿದರೆ ತಿಂಗಳಿಗೆ ನಾಲ್ಕು ಯೂನಿಟ್ಟೂ ಆಗುವುದಿಲ್ಲ. ಅದರಲ್ಲಿ ಉಳಿಸಿ ಯಾವ ಅರಮನೆ ಕಟ್ಟೋಣ?

ಎರಡನೆಯದು, ‘ರಿಪೇರಿಗೆ ಹೊಸದರಷ್ಟೇ ಆಗುತ್ತದೆ’. ಕೆಲವು ಸಲ ಇದೂ ನಿಜವೇ. ಮೋಟಾರಿನ ಸುರುಳಿ ಪೂರ್ತಿ ಸುಟ್ಟಿದ್ದರೆ, ಹೊಸದಾಗಿ ತಂತಿ ಸುತ್ತಿಸುವ ಖರ್ಚು ನೋಡಿ ಹೊಸದನ್ನೇ ತರುವುದು ಜಾಣತನ. ಎಂದೂ ಹೊಸದು ಕೊಳ್ಳಬೇಡಿ ಎಂದು ನಾನು ವ್ರತ ಹೇಳಿಕೊಡುತ್ತಿಲ್ಲ. ಆದರೆ ಆ ಮಾತು ಬಿಚ್ಚಿ ನೋಡಿದ ಮೇಲೆ ಬರಬೇಕು. ಏನು ಹೋಗಿದೆ, ಭಾಗಕ್ಕೆಷ್ಟು, ಕೂಲಿಗೆಷ್ಟು ಎಂದು ಹೇಳಿದ ಮೇಲೆ ತೀರ್ಮಾನ ನನ್ನದು. ತಳದ ಚೀಟಿ ಓದಿ ಹೇಳುವುದು ತೀರ್ಮಾನವಲ್ಲ, ಮಾರಾಟ.

ಮೂರನೆಯ ವಾದಕ್ಕೆ ನಾನು ತಲೆಬಾಗುತ್ತೇನೆ. ‘ಎರಡೆರಡು ಸಲ ಅಲೆಯಲು ಯಾರಿಗೆ ಪುರುಸೊತ್ತಿದೆ?’ ಬೆಳಿಗ್ಗೆ ಏಳಕ್ಕೆ ಮೂರು ಡಬ್ಬಿ ಕಟ್ಟಿ, ಒಂಬತ್ತರ ಬಸ್ಸು ಹಿಡಿದು, ಸಂಜೆ ಬಂದು ಮತ್ತೆ ಒಲೆ ಮುಂದೆ ನಿಲ್ಲುವವಳಿಗೆ ಈ ಪ್ರಶ್ನೆ ಕೇಳುವ ಹಕ್ಕಿದೆ. ಗಮನಿಸಿ, ಅಲೆದಾಟ ಅವಳ ತಲೆಗೇ ಬರುತ್ತದೆ. ಹೊಸ ಮಿಕ್ಸಿ ತಂದು ಟೇಬಲ್ಲಿನ ಮೇಲಿಟ್ಟ ಯಜಮಾನರಿಗೆ ‘ಹೆಂಡತಿಗೆ ಕೊಡಿಸಿದೆ’ ಎಂಬ ಹೆಮ್ಮೆ ಸಿಗುತ್ತದೆ. ಮದುವೆಯ ವಾರ್ಷಿಕೋತ್ಸವಕ್ಕೆ ಒಂದು ಜೊತೆ ಕಾರ್ಬನ್ ಬ್ರಷ್ ತಂದುಕೊಟ್ಟ ಗಂಡನನ್ನು ನಾನಂತೂ ಕಂಡಿಲ್ಲ. ಆದರೆ ಅಲೆದಾಟ ಏಕೆ ಹೆಚ್ಚಿತು? ಗಲ್ಲಿಗೊಂದಿದ್ದ ರಿಪೇರಿ ಅಂಗಡಿ ಮುಚ್ಚುತ್ತ ಬಂದದ್ದರಿಂದ. ಅವು ಏಕೆ ಮುಚ್ಚಿದವು? ಭಾಗಗಳು ಅವರ ಕೈಗೆ ಸಿಗದ್ದರಿಂದ. ಒಂದೊಂದು ಕಂಪನಿಯದು ಒಂದೊಂದು ಅಳತೆಯ ಕಪ್ಲರ್. ಸ್ಕ್ರೂ ಇರಬೇಕಾದ ಕಡೆ ಒತ್ತಿ ಕೂರಿಸಿದ ಪ್ಲಾಸ್ಟಿಕ್ಕು, ಬಿಚ್ಚಹೊರಟರೆ ಮುರಿಯುತ್ತದೆ. ಸ್ಕ್ರೂ ಇದ್ದರೂ ಮಾಮೂಲಿ ತಿರುಗುಳಿಗೆ ಬಗ್ಗದ ವಿಚಿತ್ರ ತಲೆಯದು. ಬಾಗಿಲಿಗೆ ಬೀಗ ಹಾಕಿ, ‘ಯಾರೂ ಒಳಗೆ ಬರುತ್ತಿಲ್ಲ’ ಎಂದು ದೂರುವುದು ಯಾವ ನ್ಯಾಯ?

ಹೀಗೇ ಆಗಬೇಕೆಂದು ಯಾವ ವಿಧಿಯೂ ಬರೆದಿಲ್ಲ. ಸಾಕ್ಷಿ ನಮ್ಮ ಒಲೆಯ ಮೇಲೇ ಇದೆ. ನಮ್ಮ ದೇಶದಲ್ಲಿ ಪ್ರೆಷರ್ ಕುಕ್ಕರ್ ತಯಾರಿಕೆ ಬೇರೂರಿದ್ದು 1959ರ ಸುಮಾರಿಗೆ. ಅಂದಿನಿಂದ ಇಂದಿನವರೆಗೂ ಕುಕ್ಕರಿನ ಗ್ಯಾಸ್ಕೆಟ್ಟು, ವೆಯ್ಟು, ಸೇಫ್ಟಿ ವಾಲ್ವು, ಹಿಡಿಕೆ ಯಾವ ಸಣ್ಣ ಊರಿನ ಪಾತ್ರೆ ಅಂಗಡಿಯಲ್ಲೂ ಸಿಗುತ್ತವೆ. ಗ್ಯಾಸ್ಕೆಟ್ಟು ಸಡಿಲವಾಯಿತೆಂದು ಕುಕ್ಕರನ್ನೇ ಎಸೆದವಳನ್ನು ನಾವು ಹುಚ್ಚಿ ಎನ್ನುತ್ತೇವೆ. ಹೊಲಿಗೆ ಯಂತ್ರವನ್ನೂ ನೋಡಿ. ಅತ್ತೆಯ ಕಾಲದ್ದು ಸೊಸೆಯ ಕಾಲಕ್ಕೂ ಓಡುತ್ತದೆ. ಸೂಜಿ, ಬಾಬಿನ್ ಕೇಸು, ಬೆಲ್ಟು ಬೇಕೆಂದರೆ ದರ್ಜಿ ಸಾಮಾನಿನ ಅಂಗಡಿಯಲ್ಲಿವೆ. ಆ ಕಂಪನಿಗಳೇನೂ ಇದರಿಂದ ದಿವಾಳಿಯಾಗಲಿಲ್ಲ. ಕುಕ್ಕರಿಗೆ ಆದದ್ದು ಮಿಕ್ಸಿಗೆ ಏಕೆ ಆಗದು? ಆಗದೆ ಏನು, ಆಗಬೇಕೆಂದು ಕೇಳುವವರಿಲ್ಲ.

ಬೇರೆ ಕಡೆ ಕೇಳಿದ್ದಾರೆ. ಫ್ರಾನ್ಸಿನಲ್ಲಿ 2021ರ ಜನವರಿಯಿಂದ ವಾಷಿಂಗ್ ಮೆಷಿನ್, ಟಿ.ವಿ. ಮುಂತಾದವುಗಳ ಮೇಲೆ, ಇದನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂಬುದಕ್ಕೆ ಹತ್ತಕ್ಕಿಷ್ಟು ಎಂದು ಅಂಕ ಹಾಕಿ ತೋರಿಸಬೇಕಾಯಿತು. ಅದೇ ವರ್ಷದ ಮಾರ್ಚಿಯಿಂದ ಯುರೋಪಿನ ಒಕ್ಕೂಟದ ದೇಶಗಳಲ್ಲಿ ಫ್ರಿಜ್ಜು, ವಾಷಿಂಗ್ ಮೆಷಿನ್ನುಗಳ ಬಿಡಿಭಾಗ ಏಳರಿಂದ ಹತ್ತು ವರ್ಷ ಸಿಗುವಂತೆ ನೋಡಿಕೊಳ್ಳುವುದು ತಯಾರಕರ ಹೊಣೆಯಾಯಿತು. ನಮ್ಮಲ್ಲೂ 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಎಂಬ ವಿಷಯಕ್ಕೆ ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲು, ವಾಹನಗಳ ಜೊತೆಗೆ ಮನೆಬಳಕೆಯ ಯಂತ್ರಗಳೂ ಆ ಪಟ್ಟಿಯಲ್ಲಿದ್ದವು. ಆ ವರ್ಷದ ಡಿಸೆಂಬರ್ 24ರ ಗ್ರಾಹಕರ ದಿನದಂದು ಕಂಪನಿಗಳು ರಿಪೇರಿಯ ವಿವರ ಹಾಕುವುದಕ್ಕೆಂದು ಒಂದು ಜಾಲತಾಣವೂ ತೆರೆಯಿತು. ಸಂತೋಷ. ಆದರೆ ವಿವರ ಹಾಕುವ ಗೋಡೆ ಬೇರೆ, ಭಾಗ ಕೊಡಲೇಬೇಕೆಂಬ ಕಟ್ಟಳೆ ಬೇರೆ. ಗೋಡೆಯನ್ನು ನೋಡಿ ಚಟ್ನಿ ಅರೆಯಲು ಬರುವುದಿಲ್ಲ.

ಎಸೆದ ಮಿಕ್ಸಿ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಯೋಚಿಸಿ. ಗುಜರಿಯವನು ತೂಕಕ್ಕೆ ಕೊಂಡು, ಒಡೆದು, ತಾಮ್ರ ಬೇರೆ, ಕಬ್ಬಿಣ ಬೇರೆ ಮಾಡುತ್ತಾನೆ. ತಾಮ್ರವೇನೋ ಕರಗಿ ಮತ್ತೆ ತಂತಿಯಾಗಬಹುದು. ಆದರೆ ಆ ಮೋಟಾರನ್ನು ಸುತ್ತಿದ ಕೈಗಳ ದುಡಿಮೆ, ಅದನ್ನು ಸರಿಮಾಡಬಲ್ಲ ಕೈಗಳ ವಿದ್ಯೆ, ಇವು ಕರಗಿದರೆ ಮತ್ತೆ ಆಗುವುದಿಲ್ಲ. ಪಾತ್ರೆಗೆ ಕಲಾಯಿ ಹಾಕುವವರು ಹೋದರು. ಸವೆದ ಒರಳಿಗೆ ಉಳಿಯ ಪೆಟ್ಟು ಹಾಕಿಕೊಡುತ್ತಿದ್ದವರು ಹೋದರು. ಅವರ ವಸ್ತುಗಳೇ ಮನೆಯಿಂದ ಹೋದವು, ಅದಕ್ಕೆ ಅವರೂ ಹೋದರು ಎಂದು ಸಮಾಧಾನ ಹೇಳಿಕೊಳ್ಳಬಹುದು. ಮಿಕ್ಸಿ ಹೋಗಿಲ್ಲವಲ್ಲ! ಮನೆಮನೆಯಲ್ಲೂ ಇದೆ. ಅದನ್ನು ಬಲ್ಲವರು ಮಾತ್ರ ಏಕೆ ಹೋಗಬೇಕು?

ಅಡುಗೆಮನೆಯ ಯಂತ್ರಗಳ ಜಾಹೀರಾತೆಲ್ಲ ನಮ್ಮ ಮುಖ ತೋರಿಸಿಯೇ ನಡೆಯುತ್ತದೆ. ಹಾಗಾದರೆ ಷರತ್ತು ಹಾಕುವವರೂ ನಾವೇ ಆಗೋಣ. ಕೊಳ್ಳುವ ಮುನ್ನ, ದುಡ್ಡು ಇನ್ನೂ ನಮ್ಮ ಪರ್ಸಿನಲ್ಲಿರುವಾಗಲೇ, ನಾಲ್ಕು ಪ್ರಶ್ನೆ ಕೇಳೋಣ. ಇದರ ಬ್ರಷ್, ಬುಷ್, ಕಪ್ಲರ್ ಈ ಊರಿನಲ್ಲಿ ಎಲ್ಲಿ ಸಿಗುತ್ತವೆ? ಎಷ್ಟು ವರ್ಷ ಸಿಗುತ್ತವೆ? ಮೋಟಾರಿನ ಸುರುಳಿ ತಾಮ್ರದ್ದೋ, ಅಲ್ಯೂಮಿನಿಯಮ್ಮಿನದೋ? ಗ್ಯಾರಂಟಿ ಮುಗಿದ ಮೇಲೆ ಬೇರೆಯವರು ಬಿಚ್ಚಬಹುದೋ, ಇಲ್ಲವೋ? ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳೋಣ. ಬರೆದುಕೊಟ್ಟ ಮಾತು ತಪ್ಪಿದರೆ 1915 ಎಂಬ ಗ್ರಾಹಕರ ಸಹಾಯವಾಣಿಗೆ ಫೋನ್ ಮಾಡಲು ಒಂದು ಆಧಾರವಾಗುತ್ತದೆ. ಮಹಿಳಾ ಸಮಾಜದ ಸಭೆಗಳಲ್ಲಿ ಕೇಕು ಮಾಡುವುದನ್ನು ಕಲಿಸಿದ್ದು ಸಾಕು. ಒಂದು ಮಧ್ಯಾಹ್ನ ಊರಿನ ರಿಪೇರಿಯವರೊಬ್ಬರನ್ನು ಕರೆಸಿ, ಮಿಕ್ಸಿಯನ್ನು ಬಿಚ್ಚಿ ತೋರಿಸಿ ಎಂದು ಕೇಳೋಣ. ಅವರಿಗೆ ಸಂಭಾವನೆಯನ್ನೂ ಕೊಡೋಣ, ಶಾಲನ್ನೂ ಹೊದಿಸೋಣ.

ಒಬ್ಬಳು ಕೇಳಿದರೆ ಅಂಗಡಿಯವನು ನಗುತ್ತಾನೆ. ಹತ್ತು ಜನ ಕೇಳಿದರೆ ಏಜೆಂಟನಿಗೆ ಹೇಳುತ್ತಾನೆ. ಊರಿಗೆ ಊರೇ ಕೇಳಿದರೆ ಕಂಪನಿಗೆ ಕೇಳಿಸುತ್ತದೆ. ಉತ್ತರ ಕೊಡಲಾಗದ ಅಂಗಡಿಯ ಮೆಟ್ಟಿಲಿಳಿದು ಮುಂದಿನ ಅಂಗಡಿಗೆ ನಡೆಯುವುದಕ್ಕೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸೀರೆ ಕೊಳ್ಳುತ್ತ ಕೊಳ್ಳುತ್ತ ಆ ವಿದ್ಯೆಯನ್ನು ನಾವು ಎಂದೋ ಕಲಿತಿದ್ದೇವೆ.